ಮಂಗಳೂರಿನ ಡಿಸೋಜರ ಬೇರು ಎಲ್ಲಿದೆ?

ಡಿಸೋಜ, ಪಿಂಟೊ, ಲೋಬೊ, ರೊಡ್ರಿಗಸ್ ಎಂಬ ಉಪನಾಮಗಳುಳ್ಳ ಮಂಗಳೂರು ಕಡೆಯ ಕಥೋಲಿಕ ಕುಟುಂಬಗಳು ನನ್ನಲ್ಲಿ ಹೆಚ್ಚಾಗಿ ಕೇಳುವುದು, ತಮ್ಮ ಪೂರ್ವಜರು ಪೋರ್ಚುಗಲ್‌ನ ಯಾವ ಊರಿನವರು ಎಂದು. ಬಹುತೇಕ ಕುಟುಂಬಗಳ ಮಟ್ಟಿಗೆ ಈ ಪ್ರಶ್ನೆಯ ಉತ್ತರವಿರುವುದು ಪೋರ್ಚುಗಲ್‌ನಲ್ಲಲ್ಲ, ಅವರ ಪೂರ್ವಜರು ವಲಸೆ ಹೊರಟ ಗೋವೆಯಲ್ಲಿ. 16ನೇ ಶತಮಾನದ ಗೋವೆಯಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಿಗೆ ಅದನ್ನು ನೀಡಿದ ಪಾದ್ರಿಯ ಅಥವಾ ಜ್ಞಾನಪಿತನಾಗಿ (ಗಾಡ್‌ಫಾದರ್) ನಿಂತ ಪೋರ್ಚುಗೀಸನ ಉಪನಾಮವನ್ನು ಇಡುವುದು ರೂಢಿಯಾಗಿತ್ತು. ಹಾಗಾಗಿ ರಕ್ತಸಂಬಂಧವೇ ಇಲ್ಲದ ಎರಡು ಮನೆತನಗಳು ಒಂದೇ ಉಪನಾಮವನ್ನು ಪಡೆದಿರಬಹುದು. ಒಂದೇ ಮನೆತನದ ಎರಡು ಕವಲುಗಳು ಬೇರೆ ಬೇರೆ ಉಪನಾಮಗಳಲ್ಲಿ ಮುಂದುವರಿದಿರಬಹುದು. ಹುಡುಕಬೇಕಾದದ್ದು ಕುಟುಂಬ ಯಾವ ಇಗರ್ಜಿಗೆ ಸೇರಿತ್ತು, ಯಾವ ಹಳ್ಳಿಯ ಯಾವ ವಾಡೆಯಲ್ಲಿ, ಅಂದರೆ ಕೇರಿಯಲ್ಲಿ, ನೆಲೆಸಿತ್ತು ಎಂಬುದನ್ನು.

ಇಗರ್ಜಿಯ ದೀಕ್ಷಾಸ್ನಾನ ಮತ್ತು ವಿವಾಹದ ಪುಸ್ತಕಗಳನ್ನು ಓದುವಾಗ ಮಗುವಿನ ಹೆಸರಿಗೆ ಕೊಡುವಷ್ಟೇ ಗಮನವನ್ನು ಜ್ಞಾನಪಿತ, ಜ್ಞಾನಮಾತೆ ಮತ್ತು ಸಾಕ್ಷಿಗಳ ಹೆಸರಿಗೂ ಕೊಡಬೇಕು, ಏಕೆಂದರೆ ಅವರು ಸಾಮಾನ್ಯವಾಗಿ ಹತ್ತಿರದ ಬಂಧುಗಳೇ ಆಗಿರುತ್ತಾರೆ. ನನ್ನ ಅನುಭವದಲ್ಲಿ ಅತ್ಯಂತ ಬೆಲೆಯುಳ್ಳ ಬರಹವೆಂದರೆ ವಿವಾಹದ ವಿನಾಯಿತಿಯ ಟಿಪ್ಪಣಿ. ವಧೂವರರು ರಕ್ತಸಂಬಂಧಿಗಳಾಗಿದ್ದರೆ ಧರ್ಮಸಭೆಯ ಅನುಮತಿ ಬೇಕಿತ್ತು. ಆ ಅನುಮತಿಯಲ್ಲಿ ಅವರು ಎಷ್ಟನೆಯ ತಲೆಮಾರಿನಲ್ಲಿ ಒಂದೇ ಪೂರ್ವಜರನ್ನು ಹೊಂದಿದ್ದಾರೆ ಎಂಬುದನ್ನು ನಮೂದಿಸುತ್ತಿದ್ದರು. ಹಳೆಯ ಪುಸ್ತಕ ಕಳೆದುಹೋಗಿದ್ದರೂ ಅದರಲ್ಲಿದ್ದ ಸಂಬಂಧವನ್ನು ಇಂತಹ ಒಂದು ಸಾಲಿನಿಂದ ಮರಳಿ ಕಟ್ಟಿಕೊಳ್ಳಬಹುದು.

ಕರಾವಳಿಯ ಹುಡುಕಾಟಕ್ಕೆ 1784 ಕಠಿಣವಾದ ಗಡಿ. ಆ ವರ್ಷ ಟಿಪ್ಪು ಸುಲ್ತಾನನು ಕೆನರಾದ, ಅಂದರೆ ಮಂಗಳೂರು ಕರಾವಳಿ ಸೀಮೆಯ, ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಇಗರ್ಜಿಗಳು ನಾಶವಾದವು, ಅವುಗಳೊಂದಿಗೆ ದಾಖಲೆಗಳೂ ಹೋದವು. ಸೆರೆಯಲ್ಲಿ ಎಷ್ಟೋ ಕುಟುಂಬಗಳು ಚದುರಿದವು. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಮೇಲೆ ಬದುಕುಳಿದವರು ಮರಳಿದರು. ಈ ಕಾಲದ ವಂಶಾವಳಿಯಲ್ಲಿ ಖಾಲಿ ಜಾಗ ಕಂಡರೆ ಅದನ್ನು ಖಾಲಿಯಾಗಿಯೇ ಬಿಡುವುದು ಸತ್ತವರಿಗೆ ಸಲ್ಲಿಸುವ ಗೌರವವೆಂದು ನಾನು ನಂಬಿದ್ದೇನೆ. ಊಹೆಯ ಹೆಸರುಗಳಿಂದ ಅದನ್ನು ತುಂಬುವುದಕ್ಕೆ ನಾನು ಒಪ್ಪುವುದಿಲ್ಲ. ಆದರೂ ಆ ಗಡಿಯನ್ನು ದಾಟಿ ಹಿಂದಕ್ಕೆ ನೋಡಲು ದಾರಿಗಳಿವೆ. 1799ರ ನಂತರ ಬ್ರಿಟಿಷರ ಆಡಳಿತದಲ್ಲಿ ಸಿದ್ಧವಾದ ಭೂಕಂದಾಯದ ಲೆಕ್ಕಗಳು ಒಂದು ದಾರಿ. ಕೆನರಾದ ಇಗರ್ಜಿಗಳು ಗೋವೆಯ ಆರ್ಚ್‌ಬಿಷಪ್ಪರ ಅಧೀನದಲ್ಲಿದ್ದ ಕಾಲದಲ್ಲಿ ಅಲ್ಲಿಗೆ ಹೋದ ಪತ್ರವ್ಯವಹಾರ ಇನ್ನೊಂದು.

ಗೋವೆಯನ್ನು ತಲುಪಿದ ಮೇಲೆ ಆಧಾರಗಳು ಗಟ್ಟಿಯಾಗುತ್ತವೆ. ಅಲ್ಲಿನ ಹಳ್ಳಿಯ ಭೂಮಿ ಗಾಂವ್ಕಾರರ, ಅಂದರೆ ಊರಿನ ಮೂಲ ಮನೆತನದವರ, ಸಮುದಾಯದ ಒಡೆತನದಲ್ಲಿತ್ತು. ಅದರ ಸದಸ್ಯತ್ವ ತಂದೆಯಿಂದ ಮಗನಿಗೆ ಬರುತ್ತಿತ್ತು ಮತ್ತು ಗಾಂವ್ಕಾರರು ವಾಂಗಡ ಎಂಬ ಕುಲಗುಂಪುಗಳಾಗಿ ವಿಂಗಡಣೆಗೊಂಡಿದ್ದರು. ಪೋರ್ಚುಗೀಸರು ಈ ಹಳ್ಳಿಗಳ ರೂಢಿಗಳನ್ನು 1526ರಲ್ಲಿ ಬರಹಕ್ಕಿಳಿಸಿದರು. ಧರ್ಮ ಬದಲಾದರೂ ವಾಂಗಡ ಬದಲಾಗದ ಕಾರಣ, ಉಪನಾಮದ ಆಚೆಗಿನ ಮನೆತನವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ. ನಾವು ಮೊದಲು ಪ್ರಭುಗಳು, ಕಾಮತರು, ಶೆಣೈಗಳು ಎಂದು ಮನೆಯ ಹಿರಿಯರು ಹೇಳುವ ಮಾತನ್ನು ಬರೆದಿಟ್ಟುಕೊಂಡು ಇಂತಹ ದಾಖಲೆಗಳೊಂದಿಗೆ ಹೋಲಿಸಬೇಕು. ಪಣಜಿಯ ಪತ್ರಾಗಾರದ ಹಳೆಯ ಕಾಗದಗಳು ಬಹುಪಾಲು ಪೋರ್ಚುಗೀಸ್ ಭಾಷೆಯಲ್ಲಿರುವುದರಿಂದ ಹಳೆಯ ಲಿಪಿಯನ್ನು ಓದಬಲ್ಲವರ ನೆರವು ಅಗತ್ಯ.

ಮುಂಬಯಿ, ಕರಾಚಿ, ನೈರೋಬಿ, ಕಂಪಾಲಾಗಳಿಗೆ ಹೋದ ಕವಲುಗಳ ಜಾಡನ್ನು ಆಯಾ ಊರಿನ ಇಗರ್ಜಿಯ ವಿವಾಹ ಪುಸ್ತಕದಿಂದ ಆರಂಭಿಸುವುದು ಸುಲಭ, ಏಕೆಂದರೆ ಮದುವೆಗೆ ಹುಟ್ಟೂರಿನ ದೀಕ್ಷಾಸ್ನಾನದ ಪತ್ರವನ್ನು ತರಿಸಬೇಕಾಗಿತ್ತು. 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟು ಬ್ರಿಟನ್, ಕೆನಡಾ ಸೇರಿದ ಕುಟುಂಬಗಳು ಕೈಯಲ್ಲಿ ಒಯ್ದ ಪ್ರಮಾಣಪತ್ರಗಳ ಪ್ರತಿಯನ್ನು ಈಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಪೋರ್ಚುಗೀಸ್ ಪಾಸ್‌ಪೋರ್ಟಿನ ಆಸೆಯಿಂದ ಬರುವವರಿಗೂ ಒಂದು ಮಾತು: ಅದಕ್ಕೆ ಆಧಾರವಾಗುವುದು ಗೋವೆಯ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದ ತಂದೆತಾಯಿ ಅಥವಾ ಅಜ್ಜ ಅಜ್ಜಿಯ ಜನನ ದಾಖಲೆಯೇ ವಿನಾ ಉಪನಾಮವಲ್ಲ.

ಡಿಎನ್‌ಎ ಪರೀಕ್ಷೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ಪರೀಕ್ಷೆ, ಒಂದೇ ಉಪನಾಮದ ಇಬ್ಬರು ಪುರುಷರು ಒಂದೇ ತಂದೆಯ ಸಾಲಿನವರೇ ಎಂಬುದನ್ನು ತಿಳಿಸಬಲ್ಲದು. ಆ ಪೂರ್ವಜನ ಹೆಸರನ್ನು ಮಾತ್ರ ಕಾಗದವೇ ಹೇಳಬೇಕು.