ತಲೆಗೆ ಕಟ್ಟುವ ಕಾರ್ಖಾನೆ

ಕೆಲಸ ಕಲಿಯುವವರಿಗೆ, ಕಣ್ಣೆದುರು ಕೃತಕ ದೃಶ್ಯಲೋಕ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತೊಡಿಸುವುದು ಹೊಸದೆನಿಸಿದರೂ ಅದರ ಬೇರು ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ನೆಲದ ಮೇಲೇ ವಿಮಾನ ಹಾರಿಸಲು ಕಲಿಸುವ ಯಂತ್ರ (ಸಿಮ್ಯುಲೇಟರ್) ಮಾಡಿದ್ದು 1929ರ ಸುಮಾರಿಗೆ. ಐವನ್ ಸದರ್ಲೆಂಡ್ ತಲೆಗೆ ತೊಡುವ ಪರದೆ ತೋರಿಸಿದ್ದು 1968ರಲ್ಲಿ. ಮುಂದಿನ ನಾಲ್ಕು ದಶಕ ಅದು ಬಹುಮಟ್ಟಿಗೆ ಸೇನೆ, ನಾಸಾ, ವಿಶ್ವವಿದ್ಯಾಲಯಗಳಲ್ಲೇ ಉಳಿಯಿತು. ವಿಮಾನ ಬಿದ್ದರೆ ಕೋಟಿಗಟ್ಟಲೆ ನಷ್ಟ, ಹಾಗಾಗಿ ಪೈಲಟ್‌ಗೆ ಸಿಮ್ಯುಲೇಟರ್ ಕೊಟ್ಟರೆ ಲಾಭವೇ. 2008ರಿಂದ ಹಾಕ್ ವಿಮಾನಗಳಲ್ಲಿ ಪೈಲಟ್‌ಗಳನ್ನು ತಯಾರು ಮಾಡುತ್ತಿರುವ ಬೀದರ್ ವಾಯುನೆಲೆಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

2012ರಲ್ಲಿ ಆಕ್ಯುಲಸ್ ಎಂಬ ಹೆಡ್‌ಸೆಟ್ ಕಂಪನಿ ಬಂತು, 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು, ಹೆಡ್‌ಸೆಟ್ ಸ್ಮಾರ್ಟ್‌ಫೋನಿನ ಬೆಲೆಗೆ ಇಳಿಯಿತು. 2018ರಲ್ಲಿ ವಾಲ್‌ಮಾರ್ಟ್ ನೌಕರರ ತರಬೇತಿಗೆಂದು ತನ್ನ ಅಂಗಡಿಗಳಿಗೆ ಸುಮಾರು 17,000 ಹೆಡ್‌ಸೆಟ್ ಕಳಿಸುವುದಾಗಿ ಪ್ರಕಟಿಸಿತು.

ಕಲಬುರಗಿ ಜಿಲ್ಲೆಯಲ್ಲಿ ಕಾರ್ಖಾನೆ ಎಂದರೆ ಮೊದಲು ನೆನಪಾಗುವುದು ಸಿಮೆಂಟ್: ವಾಡಿ, ಮಳಖೇಡ, ಸೇಡಂ. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಸುರಕ್ಷತಾ ತರಬೇತಿಯನ್ನು ಕಾರ್ಮಿಕರ ಹಕ್ಕುಗಳಲ್ಲಿ ಸೇರಿಸಲಾಯಿತು. ಆ ಹಕ್ಕು ಎಷ್ಟೋ ಸಲ ಗೇಟ್ ಪಾಸ್ ಮಾಡಿಸುವ ಹೊತ್ತಿಗೆ ತೋರಿಸುವ ಒಂದು ವಿಡಿಯೊ, ರಿಜಿಸ್ಟರಿನಲ್ಲಿ ಒಂದು ಸಹಿಗೆ ಮುಗಿದುಹೋಗುತ್ತದೆ.

ಕಿಲ್ನ್ ಎಂಬ ಕುಲುಮೆಗೆ ಹೋಗುವ ಮೊದಲು ಪುಡಿಯನ್ನು ಬಿಸಿ ಮಾಡುವ ಪ್ರಿಹೀಟರ್ ಗೋಪುರವನ್ನೇ ತಗೊಳ್ಳಿ. ಸುಣ್ಣಕಲ್ಲಿನ ಪುಡಿ ಒಂದೊಂದೇ ಸೈಕ್ಲೋನ್ (ಬಿಸಿಗಾಳಿ ಸುತ್ತುವ ಆಲಿಕೆಯಾಕಾರದ ಪಾತ್ರೆ) ದಾಟಿ ಕೆಳಗಿಳಿಯುತ್ತ ಬಿಸಿಯಾಗುತ್ತದೆ. ಕೊನೆಯದರಲ್ಲಿ ಶಾಖ 800 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. ಪುಡಿ ಗಟ್ಟಿಯಾಗಿ ಜಾಮ್ ಆಯಿತೆಂದರೆ ಕಿಂಡಿ ತೆಗೆದು, ಉದ್ದನೆಯ ಪೈಪ್ ತೂರಿಸಿ, ಗಾಳಿ ಬಿಟ್ಟು ಒಡೆಯಬೇಕು. ಸಡಿಲವಾದ ಪುಡಿ ನೀರಿನ ಹಾಗೆ ಹರಿದು ತೆರೆದ ಕಿಂಡಿಯಿಂದ ಮೈಮೇಲೇ ಬರಬಹುದು. ಎಲ್ಲಿ ನಿಲ್ಲಬೇಕು, ಬೇರೆ ಕಿಂಡಿಗಳು ಮುಚ್ಚಿವೆಯೇ, ಓಡುವ ದಾರಿ ಯಾವುದು ಎಂಬುದನ್ನೆಲ್ಲ ನಿಜವಾದ ಜಾಮಿನ ಮುಂದೆ ತಪ್ಪು ಮಾಡಿ ಕಲಿಯಲಾಗದು. ಹೆಡ್‌ಸೆಟ್ಟಿನಲ್ಲಿ ಹತ್ತು ಸಲ ತಪ್ಪಿದರೂ ಚಿಂತೆಯಿಲ್ಲ. ಕೆಲವರಿಗೆ ತಲೆ ಸುತ್ತುತ್ತದೆ, ಶಾಖ ತಟ್ಟುವುದಿಲ್ಲ (ಕಲಬುರಗಿಯ ಮೇ ತಿಂಗಳಲ್ಲಿ ಆ ಕೊರತೆಯೂ ಕಾಣಲಿಕ್ಕಿಲ್ಲ). ಆದರೂ ವಿಡಿಯೊಗಿಂತ ಇದು ಎಷ್ಟೋ ಮೇಲು.

ತೊಡಕಿರುವುದು ಬೇರೆ ಕಡೆ. ಕನ್ನಡ, ಉರ್ದು, ತೆಲುಗು ಬೆರೆಸಿ ಮಾತಾಡುವ ಕೂಲಿಯವನಿಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಹೇಳಿ ಏನುಪಯೋಗ? ಕಿಲ್ನ್ ನಿಲ್ಲಿಸಿ ರಿಪೇರಿ ಮಾಡುವಾಗ ಗುತ್ತಿಗೆದಾರರ ಕಡೆಯ ಜನ ಒಮ್ಮೆಲೇ ಬಂದು ತುಂಬುತ್ತಾರೆ, ಕೆಲಸ ಮುಗಿಯುತ್ತಲೇ ಇನ್ನೊಂದು ಊರಿಗೆ ಹೋಗುತ್ತಾರೆ. ಅವರು ತರಬೇತಿಗೆ ಕೂತ ದಿನದ ಪಗಾರ ಕಂಪನಿ ಕೊಡಬೇಕೋ ಗುತ್ತಿಗೆದಾರ ಕೊಡಬೇಕೋ ಎಂಬುದು ಟೆಂಡರಿನಲ್ಲೇ ಇತ್ಯರ್ಥವಾಗದಿದ್ದರೆ ಹೆಡ್‌ಸೆಟ್ ಪರ್ಮನೆಂಟ್ ನೌಕರರನ್ನು ದಾಟಿ ಮುಂದೆ ಬರುವುದಿಲ್ಲ.