ಪದ ಪರಿಚಯ: ಶುಗರ್ ಆಲ್ಕೋಹಾಲ್, ಮತ್ತು ಅದನ್ನು ವೇಪ್ ಲಿಕ್ವಿಡ್‌ಗೆ ಹಾಕುವ ವಿಚಾರ

ಶುಗರ್ ಆಲ್ಕೋಹಾಲ್ ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ಗುಂಪಿನ ಹೆಸರು. ಎರಿಥ್ರಿಟಾಲ್, ಕ್ಸೈಲಿಟಾಲ್, ಸಾರ್ಬಿಟಾಲ್, ಮ್ಯಾನಿಟಾಲ್, ಮಾಲ್ಟಿಟಾಲ್ ಎಲ್ಲಾ ಈ ಗುಂಪಿನಲ್ಲೇ ಬರುತ್ತವೆ. ಪ್ಯಾಕೆಟ್ ಮೇಲೆ ಕೆಲವೊಮ್ಮೆ ಪಾಲಿಯಾಲ್ ಅಂತಲೂ ಬರೆದಿರುತ್ತಾರೆ, ಎರಡೂ ಒಂದೇ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಯಾವ ಮೆಡಿಕಲ್‌ಗೆ ಹೋದರೂ ಇವು ಕಣ್ಣಿಗೆ ಬೀಳುತ್ತವೆ: ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕೆಮ್ಮಿನ ಸಿರಪ್, ಟೂತ್‌ಪೇಸ್ಟ್, ಶುಗರ್ ಇರುವವರಿಗೆ ಅಂತ ಮಾರುವ ಬಿಸ್ಕತ್ತು, ಕೀಟೋ ಡಯಟ್ ಮಾಡುವವರು ಕಾಫಿಗೆ ಹಾಕಿಕೊಳ್ಳುವ ಬಿಳಿ ಪುಡಿ. ಅಷ್ಟು ಸಲೀಸಾಗಿ ಸಿಗುವುದರಿಂದಲೇ ಇದು ಈಗ ಇನ್ನೊಂದು ಕಡೆಗೂ ಹೋಗುತ್ತಿದೆ. ವೇಪ್ ಲಿಕ್ವಿಡ್ ಅಂದರೆ ಇ-ಸಿಗರೇಟು (ವೇಪ್) ಬಿಸಿಮಾಡಿ ಆವಿಯಾಗಿಸುವ ದ್ರವ. ಅದನ್ನು ಮನೆಯಲ್ಲೇ ಕಲಸುವ ಹುಡುಗರು ಸಿಹಿಗೆ ಇದನ್ನು ಹಾಕುತ್ತಾರೆ, ಅಥವಾ ಹಾಕಬಹುದಾ ಅಂತ ಕೇಳುತ್ತಾರೆ. ನಾನು ನವಿ ಮುಂಬೈಯಲ್ಲಿ ತಿಂಡಿ ತಿನಿಸು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು, ಈ ಪುಡಿಗಳ ಜೊತೆಗೇ ದಿನ ಕಳೆಯುತ್ತದೆ, ಹಾಗಾಗಿ ನಮ್ಮ ಬಿಲ್ಡಿಂಗ್‌ನ ಹುಡುಗರು ನನ್ನನ್ನೂ ಕೇಳಿದ್ದಾರೆ. ಅವರಿಗೆ ಲಿಫ್ಟ್ ಹತ್ತಿರ ನಿಂತು ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಇದಕ್ಕಿಲ್ಲ.

ಮೊದಲು ವಸ್ತು ಏನು ಅಂತ ನೋಡೋಣ. ಹೆಸರಲ್ಲಿ ಆಲ್ಕೋಹಾಲ್ ಇದ್ದರೂ ಅಮಲಿಗೂ ಇದಕ್ಕೂ ಸಂಬಂಧ ಇಲ್ಲ. ಇಂಗಾಲದ ಸರಪಳಿಗೆ ಆಮ್ಲಜನಕ ಮತ್ತು ಜಲಜನಕ ಸೇರಿದ ಒಂದು ಜೋಡಿ ಅಂಟಿಕೊಂಡಿದ್ದರೆ ರಸಾಯನದವರು ಅದನ್ನು ಆಲ್ಕೋಹಾಲ್ ಅನ್ನುತ್ತಾರೆ, ಅಷ್ಟೇ. ಕುಡಿಯುವ ಆಲ್ಕೋಹಾಲ್‌ನಲ್ಲಿ ಎರಡು ಇಂಗಾಲ, ಅಂಥ ಜೋಡಿ ಒಂದೇ ಒಂದು. ಎರಿಥ್ರಿಟಾಲ್‌ನಲ್ಲಿ ನಾಲ್ಕು ಇಂಗಾಲ, ಕ್ಸೈಲಿಟಾಲ್‌ನಲ್ಲಿ ಐದು, ಸಾರ್ಬಿಟಾಲ್ ಮತ್ತು ಮ್ಯಾನಿಟಾಲ್‌ನಲ್ಲಿ ಆರು, ಮತ್ತು ಒಂದೊಂದು ಇಂಗಾಲಕ್ಕೂ ಒಂದೊಂದು ಜೋಡಿ. ಗ್ಲೂಕೋಸ್‌ಗೆ ಒತ್ತಡದಲ್ಲಿ ಜಲಜನಕ ಸೇರಿಸಿದರೆ ಸಾರ್ಬಿಟಾಲ್ ಆಗುತ್ತದೆ. ಎರಿಥ್ರಿಟಾಲನ್ನು ಯೀಸ್ಟ್ ಬಳಸಿ ಹುದುಗಿಸಿ ತೆಗೆಯುತ್ತಾರೆ. ಜೋಳದ ದಿಂಡು, ಬರ್ಚ್ ಮರ ಇಂಥವುಗಳಿಂದ ಸಿಗುವ ಕ್ಸೈಲೋಸ್ ಅನ್ನುವ ಸಕ್ಕರೆಯಿಂದ ಕ್ಸೈಲಿಟಾಲ್ ಬರುತ್ತದೆ. ಸೇಬು, ಪೇರಳೆಯಂಥ ಹಣ್ಣುಗಳಲ್ಲೂ ಸಾರ್ಬಿಟಾಲ್ ತಾನಾಗಿಯೇ ಇದೆ.

ಸಿಹಿಯ ಲೆಕ್ಕದಲ್ಲಿ ಕ್ಸೈಲಿಟಾಲ್ ಹೆಚ್ಚೂಕಡಿಮೆ ಸಕ್ಕರೆಗೆ ಸಮ. ಎರಿಥ್ರಿಟಾಲ್ ಸಕ್ಕರೆಯ ಶೇ. 60ರಿಂದ 70ರಷ್ಟು ಸಿಹಿ. ಸಕ್ಕರೆಯಲ್ಲಿ ಗ್ರಾಂಗೆ 4 ಕ್ಯಾಲೊರಿ ಇದ್ದರೆ ಕ್ಸೈಲಿಟಾಲ್‌ನಲ್ಲಿ 2.4, ಎರಿಥ್ರಿಟಾಲ್‌ನಲ್ಲಿ ಬರೀ 0.2. ಎರಿಥ್ರಿಟಾಲ್‌ನ ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿ, ಬದಲಾಗದೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಉಳಿದವು ಹಾಗಲ್ಲ. ಅವು ಅರ್ಧಂಬರ್ಧ ರಕ್ತಕ್ಕೆ ಸೇರಿ, ಮಿಕ್ಕಂತೆ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿ ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ, ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ. ನಮ್ಮ ದೇಶದಲ್ಲೂ ಪಾಲಿಯಾಲ್ ಜಾಸ್ತಿ ಇರುವ ತಿನಿಸಿನ ಲೇಬಲ್ ಮೇಲೆ ಭೇದಿಯಾಗಬಹುದು ಅಂತ ಬರೆಯಬೇಕು ಅನ್ನುವ ನಿಯಮ ಇರುವುದು ಇದಕ್ಕೇ. ಈ ನೀರು ಎಳೆಯುವ ಗುಣವನ್ನು ನೆನಪಿಟ್ಟುಕೊಳ್ಳಿ, ಶ್ವಾಸಕೋಶದ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಬಾಯಲ್ಲಿ ತಂಪು ಅನಿಸುವುದು ಇವುಗಳ ಇನ್ನೊಂದು ಗುಣ. ಕ್ಸೈಲಿಟಾಲ್, ಎರಿಥ್ರಿಟಾಲ್ ಹರಳು ನಾಲಿಗೆ ಮೇಲೆ ಕರಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಇದನ್ನೇ ನಂಬಿ ಕೆಲವರು ವೇಪ್‌ಗೆ ಹಾಕಿದರೆ ಸಿಹಿಯ ಜೊತೆ ತಂಪೂ ಬರುತ್ತೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ತಂಪು ಹುಟ್ಟುವುದು ಹರಳು ಕರಗುವ ಹೊತ್ತಿನಲ್ಲಿ. ಲಿಕ್ವಿಡ್‌ನಲ್ಲಿ ಅದು ಮೊದಲೇ ಕರಗಿ ಹೋಗಿರುತ್ತದಲ್ವಾ, ಆ ತಂಪು ಬಾಟಲಿಯಲ್ಲೇ ಮುಗಿದಿರುತ್ತದೆ. ಅಂಗಡಿಯ ವೇಪ್‌ಗಳಲ್ಲಿ ಸಿಗುವ ತಂಪು ಮೆಂಥಾಲ್‌ನದ್ದು, ಇಲ್ಲವೇ ಡಬ್ಲ್ಯೂಎಸ್-23 ಥರದ ಬೇರೆ ರಾಸಾಯನಿಕಗಳದ್ದು.

ಈಗ ವೇಪ್ ಲಿಕ್ವಿಡ್‌ಗೆ ಬರೋಣ. ಅದರಲ್ಲಿ ಇರುವುದು ಮುಖ್ಯವಾಗಿ ಎರಡು ದ್ರವ. ಒಂದು ಪ್ರೊಪಿಲೀನ್ ಗ್ಲೈಕಾಲ್, ಎಲ್ಲರೂ ಪಿಜಿ ಅನ್ನುತ್ತಾರೆ. ಇನ್ನೊಂದು ಗ್ಲಿಸರಿನ್, ಅಂದರೆ ವಿಜಿ. ಇದರ ಮೇಲೆ ಫ್ಲೇವರ್, ಬಹುತೇಕ ನಿಕೋಟಿನ್ ಕೂಡ. ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಅಂದರೆ ಗ್ಲಿಸರಿನ್ ಕೂಡ ಇದೇ ಗುಂಪಿಗೆ ಸೇರಿದ್ದು. ಮೂರು ಇಂಗಾಲ, ಮೂರು ಜೋಡಿ, ಸ್ವಲ್ಪ ಸಿಹಿ. ಹಾಗಾಗಿ ಎರಿಥ್ರಿಟಾಲ್ ಹಾಕಬಹುದಾ ಅಂತ ಕೇಳುವ ಹುಡುಗನ ಬಾಟಲಿಯಲ್ಲಿ ಶುಗರ್ ಆಲ್ಕೋಹಾಲ್ ಆಗಲೇ ಅರ್ಧಕ್ಕೂ ಜಾಸ್ತಿ ಇರಬಹುದು.

ಹಾಕುವವರ ವಾದವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು, ಅದರಲ್ಲಿ ಅರ್ಧ ನಿಜ ಇದೆ. ಮಾಮೂಲಿ ಸಕ್ಕರೆ ಹಾಕಿದರೆ ಕಾಯಿಲ್ (ಲಿಕ್ವಿಡನ್ನು ಬಿಸಿಮಾಡುವ ತಂತಿ) ಮೇಲೆ ಸುಟ್ಟು ಕರಿ ಕಟ್ಟುತ್ತದೆ, ಫರ್ಫ್ಯೂರಲ್ ಥರದ ಕಿರಿಕಿರಿಯ ವಸ್ತುಗಳು ಹೊಗೆಯಲ್ಲಿ ಬರುತ್ತವೆ, ಇದು ನಿಜ. ಕಂಪನಿಗಳು ಜಾಸ್ತಿ ಬಳಸುವ ಸುಕ್ರಲೋಸ್ ಅನ್ನುವ ಕೃತಕ ಸಿಹಿ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಆದರೆ ಅದರಲ್ಲಿ ಕ್ಲೋರಿನ್ ಇದೆ, ಕಾಯಿಲ್‌ನ ಬಿಸಿಗೆ ಒಡೆದು ಕ್ಲೋರಿನ್ ಇರುವ ಹೊಸ ಸಂಯುಕ್ತಗಳಾಗುತ್ತದೆ, ಇದೂ ನಿಜ. ಶುಗರ್ ಆಲ್ಕೋಹಾಲ್‌ನಲ್ಲಿ ಕ್ಲೋರಿನ್ ಇಲ್ಲ. ಸಕ್ಕರೆಯಲ್ಲಿ ಕಂದು ಬಣ್ಣ ತರುವ ಆಲ್ಡಿಹೈಡ್ ತುದಿಯೂ ಇಲ್ಲ, ಜಲಜನಕ ಸೇರಿಸುವಾಗಲೇ ಅದು ಹೋಗಿರುತ್ತದೆ. ಅದಕ್ಕೇ ಎರಿಥ್ರಿಟಾಲ್ ಹಾಕಿ ಬೇಯಿಸಿದ ಕೇಕ್ ಬೆಳ್ಳಗೇ ಉಳಿಯುತ್ತದೆ. ಕೇಕ್ ಕಂದಾಗಲಿಲ್ಲ, ಅಂದರೆ ಕಾಯಿಲ್ ಕೂಡ ಸ್ವಚ್ಛ, ಅಂದರೆ ಎದೆಗೂ ಸುರಕ್ಷಿತ ಅನ್ನುವ ಹೆಜ್ಜೆಗಳನ್ನು ಇವರು ಒಂದರ ಹಿಂದೆ ಒಂದು ಇಡುತ್ತಾರೆ. ಮೊದಲನೆಯದು ಸರಿ. ಎರಡನೆಯದು ಅಲುಗಾಡುತ್ತದೆ. ಮೂರನೆಯದಕ್ಕೆ ಆಧಾರವೇ ಇಲ್ಲ.

ಎರಡನೆಯದು ಯಾಕೆ ಅಲುಗಾಡುತ್ತದೆ ಅಂದರೆ ಕುದಿಯುವ ಬಿಸಿ ಒಂದೊಂದಕ್ಕೂ ಬೇರೆ. ಪಿಜಿ 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಗ್ಲಿಸರಿನ್ 290ಕ್ಕೆ, ಎರಿಥ್ರಿಟಾಲ್ ಸುಮಾರು 330ಕ್ಕೆ. ಕಾಯಿಲ್ ಬಿಸಿಯಾದಾಗ ಪಿಜಿ ಮೊದಲು ಹಾರುತ್ತದೆ, ಆಮೇಲೆ ಗ್ಲಿಸರಿನ್, ಸಿಹಿ ಮಾತ್ರ ಹಿಂದೆ ಉಳಿದು ಲಿಕ್ವಿಡ್ ಹೀರುವ ಹತ್ತಿಯಲ್ಲೂ ತಂತಿ ಮೇಲೂ ಗಟ್ಟಿಯಾಗುತ್ತಾ ಹೋಗುತ್ತದೆ. ಅದೂ ಅಲ್ಲದೆ ಎರಿಥ್ರಿಟಾಲ್ ನೀರಲ್ಲೇ ಸಕ್ಕರೆಯಷ್ಟು ಕರಗುವುದಿಲ್ಲ, ಪಿಜಿಯಲ್ಲಿ ಇನ್ನೂ ಕಷ್ಟ. ಬಾಟಲಿ ತಣ್ಣಗಾದರೆ ತಳದಲ್ಲಿ ಹರಳು ಕಟ್ಟುತ್ತದೆ. ಹೀಗೆ ಗಟ್ಟಿಯಾದ ಹತ್ತಿ ಲಿಕ್ವಿಡನ್ನು ಸರಿಯಾಗಿ ಹೀರುವುದಿಲ್ಲ, ತಂತಿಗೆ ದ್ರವ ಸಿಗುವುದಿಲ್ಲ, ಒಣ ತಂತಿಯ ಬಿಸಿ ಸರ್ರನೆ ಏರುತ್ತದೆ.

ಕೆಟ್ಟದ್ದೆಲ್ಲ ಜಾಸ್ತಿ ಆಗುವುದು ಆ ಒಣ ತಂತಿಯ ಮೇಲೇ. ಗ್ಲಿಸರಿನ್‌ನಿಂದ ಎರಡು ಅಣು ನೀರು ಹೊರಟುಹೋದರೆ ಉಳಿಯುವುದು ಅಕ್ರೊಲೀನ್. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡಿದಾಗ ಕಣ್ಣು ಉರಿಯುತ್ತಲ್ಲ, ಅದಕ್ಕೆ ಕಾರಣವಾಗುವುದೂ ಇದೇ ಅಕ್ರೊಲೀನ್. ಜೊತೆಗೆ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ಕೂಡ ಹುಟ್ಟುತ್ತವೆ. ಉದ್ದ ಸರಪಳಿಯ ಶುಗರ್ ಆಲ್ಕೋಹಾಲ್‌ಗಳೂ ಬಿಸಿಗೆ ನೀರು ಕಳೆದುಕೊಂಡು ಬೇರೆ ರೂಪ ತಾಳುತ್ತವೆ, ಇನ್ನೂ ಬಿಸಿಯಾದರೆ ತುಂಡಾಗುತ್ತವೆ. ಡಬ್ಬದ ಮೇಲೆ ಬರೆದಿರುವ ವಸ್ತು ಒಂದು, ತಂತಿ ದಾಟಿ ಎದೆಗೆ ಇಳಿಯುವ ವಸ್ತು ಇನ್ನೊಂದು.

ಆದರೆ ಒಡೆಯದೇ ಹಾಗೇ ಒಳಗೆ ಹೋಯಿತು ಅಂದುಕೊಳ್ಳೋಣ. ಆಗಲಾದರೂ ಸರಿಯಾ? ನನಗೆ ಮುಖ್ಯ ಅನಿಸುವುದು ಈ ಪ್ರಶ್ನೆಯೇ. ಹೊಟ್ಟೆಗೆ ಹೋದದ್ದಕ್ಕೆ ಆಮ್ಲ ಇದೆ, ಕಿಣ್ವ ಇದೆ, ಲಿವರ್ ಇದೆ, ಬೇಡದ್ದನ್ನು ಹೊರಹಾಕುವ ದಾರಿ ಇದೆ. ಶ್ವಾಸಕೋಶದ ಕೊನೆಯ ಗಾಳಿಚೀಲಗಳಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಪೊರೆ ಮಾತ್ರ. ಆಹಾರಕ್ಕೆ ಸುರಕ್ಷಿತ ಅನ್ನುವ ಪ್ರಮಾಣಪತ್ರ ಎಲ್ಲವೂ ತಿನ್ನುವುದನ್ನು ಪರೀಕ್ಷಿಸಿ ಕೊಟ್ಟದ್ದು. ಅಮೆರಿಕದ ಫ್ಲೇವರ್ ತಯಾರಕರ ಸಂಘವಾದ ಫೆಮಾ ಕೂಡ ತನ್ನ ಸುರಕ್ಷತಾ ಪಟ್ಟಿ ಆಹಾರಕ್ಕೆ ಮಾತ್ರ, ಇ-ಸಿಗರೇಟಿಗೆ ಅಲ್ಲ ಅಂತ ಬಹಿರಂಗವಾಗಿ ಹೇಳಿದೆ.

ಇದು ಬರೀ ಹೆದರಿಕೆಯ ಮಾತಲ್ಲ. ಪಾಪ್‌ಕಾರ್ನ್‌ಗೆ ಬೆಣ್ಣೆಯ ಘಮ ಕೊಡುವ ಡಯಾಸಿಟೈಲ್ ತಿಂದರೆ ಏನೂ ಆಗುವುದಿಲ್ಲ. 2000ದಲ್ಲಿ ಅಮೆರಿಕದ ಮಿಸ್ಸೋರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಆವಿ ಉಸಿರಾಡಿದ್ದ ಎಂಟು ಮಾಜಿ ಕಾರ್ಮಿಕರಲ್ಲಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಪತ್ತೆಯಾಯಿತು. ವಿಟಮಿನ್ ಇ ಅಸಿಟೇಟ್ ಮಾತ್ರೆಯಲ್ಲೂ ಕ್ರೀಮಿನಲ್ಲೂ ಇದೆ. ಅದನ್ನೇ ಗಾಂಜಾ ಅಂಶದ ವೇಪ್ ಎಣ್ಣೆಗೆ ಬೆರೆಸಿದರು. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರು ಗುಂಪು ಗುಂಪಾಗಿ ಆಸ್ಪತ್ರೆ ಸೇರಿದಾಗ ಬಲವಾಗಿ ತಳುಕು ಹಾಕಿಕೊಂಡದ್ದು ಈ ವಸ್ತುವೇ. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು.

ಹಾಗಾದರೆ ಶುಗರ್ ಆಲ್ಕೋಹಾಲನ್ನು ಯಾರೂ ಯಾವತ್ತೂ ಉಸಿರಿನಲ್ಲಿ ಎಳೆದು ನೋಡಿಲ್ಲವಾ? ನೋಡಿದ್ದಾರೆ, ಅದೂ ಡಾಕ್ಟರ ಮುಂದೆಯೇ. ಮ್ಯಾನಿಟಾಲ್‌ನ ಒಣ ಪುಡಿಯನ್ನು ಅಸ್ತಮಾ ಪತ್ತೆಹಚ್ಚುವ ಪರೀಕ್ಷೆಯಲ್ಲಿ ಬಳಸುತ್ತಾರೆ. 5 ಮಿಲಿಗ್ರಾಂನಿಂದ ಶುರುಮಾಡಿ ಹಂತ ಹಂತವಾಗಿ ಏರಿಸುತ್ತಾ ಒಟ್ಟು 635 ಮಿಲಿಗ್ರಾಂವರೆಗೆ ಎಳೆಸುತ್ತಾರೆ, ಪ್ರತಿ ಹಂತದಲ್ಲೂ ಊದಿಸಿ ಅಳೆಯುತ್ತಾರೆ. ಒಂದು ಸೆಕೆಂಡಿನಲ್ಲಿ ಹೊರಹಾಕುವ ಗಾಳಿ ಶೇ. 15ರಷ್ಟು ಇಳಿದರೆ ಪರೀಕ್ಷೆ ಪಾಸಿಟಿವ್. ಯಾಕೆ ಇಳಿಯುತ್ತದೆ? ಮೇಲೆ ಹೇಳಿದ ಅದೇ ಗುಣ. ಪುಡಿ ಶ್ವಾಸನಾಳದ ಗೋಡೆ ಮೇಲೆ ಕೂತು ನೀರನ್ನು ಎಳೆಯುತ್ತದೆ, ಅದಕ್ಕೆ ಅಲ್ಲಿನ ಜೀವಕೋಶಗಳು ಕೆರಳುತ್ತವೆ, ಅಸ್ತಮಾ ಇರುವವರ ಶ್ವಾಸನಾಳ ಬಿಗಿಯುತ್ತದೆ. ಅಂದರೆ ಉಸಿರು ಕಟ್ಟುತ್ತದಾ ಅಂತ ನೋಡಲೆಂದೇ ಈ ಗುಂಪಿನ ಒಂದು ವಸ್ತುವನ್ನು ಆಯ್ದುಕೊಂಡಿದ್ದಾರೆ. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಕಾಯಿಲೆಯಲ್ಲಿ ಇದೇ ಮ್ಯಾನಿಟಾಲ್ ಔಷಧಿಯೂ ಹೌದು, ಗಟ್ಟಿಯಾದ ಕಫವನ್ನು ನೀರಾಗಿಸುತ್ತದೆ. ಆದರೆ ಶುರುಮಾಡುವ ಮೊದಲು ರೋಗಿಯ ಎದೆ ಅದನ್ನು ತಡೆದುಕೊಳ್ಳುತ್ತದಾ ಅಂತ ಪರೀಕ್ಷೆ ಮಾಡಲೇಬೇಕು, ಪ್ರತಿ ಸಲವೂ ಮೊದಲು ಶ್ವಾಸನಾಳ ಸಡಿಲಿಸುವ ಔಷಧಿ ತೆಗೆದುಕೊಳ್ಳಬೇಕು. ವೇಪ್‌ನಲ್ಲಿ ಎದೆಗೆ ಹೋಗುವ ಪ್ರಮಾಣ, ಬಿಸಿ, ಕಣದ ಗಾತ್ರ ಎಲ್ಲವೂ ಬೇರೆ, ಒಪ್ಪುತ್ತೇನೆ. ಆದರೂ ತನಗೆ ಸಣ್ಣ ಅಸ್ತಮಾ ಇದೆ ಅಂತ ಗೊತ್ತೇ ಇಲ್ಲದ ಹುಡುಗ, ಮುಂಬೈಯ ಮಳೆಗಾಲದ ಬೂಸ್ಟು ಹಿಡಿದ ರೂಮಿನಲ್ಲಿ ಕೂತು ಇದನ್ನು ದಿನವಿಡೀ ಎಳೆಯುತ್ತಾನೆ ಅಂದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಶುದ್ಧತೆಯದ್ದು ಇನ್ನೊಂದು ವಿಷಯ. ಈ ಊರಿನವರಿಗೆ ಗ್ಲಿಸರಿನ್ ವಿಚಾರದಲ್ಲಿ ಒಂದು ಹಳೆಯ ಗಾಯ ಇದೆ. 1986ರಲ್ಲಿ ಬೈಕುಲಾದ ಜೆ.ಜೆ. ಆಸ್ಪತ್ರೆಯಲ್ಲಿ ಔಷಧಿಯಾಗಿ ಕೊಟ್ಟ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಬೆರೆತಿತ್ತು, 14 ರೋಗಿಗಳು ತೀರಿಕೊಂಡರು, ತನಿಖೆಗೆ ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತಿತು. ಕಣ್ಣಿಗೆ ಎರಡೂ ಒಂದೇ ಥರ, ಸಿಹಿಯೂ ಒಂದೇ ಥರ. 2009ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪರೀಕ್ಷಿಸಿದ ಇ-ಸಿಗರೇಟ್ ಕಾರ್ಟ್ರಿಜ್‌ಗಳಲ್ಲೂ ಒಂದರಲ್ಲಿ ಇದೇ ವಿಷ ಸಿಕ್ಕಿತ್ತು. ಆಸ್ಪತ್ರೆಯ ಕಣ್ಣನ್ನೇ ತಪ್ಪಿಸಿಕೊಂಡು ಬಂದ ವಸ್ತುವನ್ನು ಅಡುಗೆಮನೆಯಲ್ಲಿ ಕೂತು ಯಾರು ಗುರುತಿಸುತ್ತಾರೆ, ಹೇಳಿ.

ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲನ್ನು ಯಾವ ಕೆಲಸಕ್ಕೂ ಕೈಗೆಟಕುವಂತೆ ಇಡಬೇಡಿ. ಮನುಷ್ಯರಿಗೆ ಏನೂ ಮಾಡದ ಪ್ರಮಾಣವೂ ನಾಯಿಯಲ್ಲಿ ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಒಮ್ಮೆಗೇ ಇಳಿಸುತ್ತದೆ, ಲಿವರ್ ಕೆಡಿಸುತ್ತದೆ. ನಿಕೋಟಿನ್ ದ್ರವದ ಬಾಟಲಿ ಇದ್ದರಂತೂ ಸಣ್ಣ ಮಕ್ಕಳಿಗೆ ಇನ್ನೂ ಅಪಾಯ. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಅದಕ್ಕೆ ಸಿಹಿ ವಾಸನೆ ಬೇರೆ ಸೇರಿದರೆ ಮಗು ಬಾಯಿಗೇ ಇಡುತ್ತದೆ.

ಕಾನೂನಿನ ಮಾತೂ ಗೊತ್ತಿರಲಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಇಡೀ ದೇಶಕ್ಕೆ ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ನಿಕೋಟಿನ್ ಇಲ್ಲದಿದ್ದರೂ ಅದು ಇ-ಸಿಗರೇಟೇ. ಪೂರ್ತಿ ಸಾಧನವಷ್ಟೇ ಅಲ್ಲ, ಅದರ ಭಾಗಗಳ ತಯಾರಿಕೆ, ಮಾರಾಟ, ಹಂಚಿಕೆಗೂ ತಡೆ ಇದೆ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆಯಲ್ಲಿ ಕಲಸಿ ಕಾಲೇಜಿನ ಗೆಳೆಯರಿಗೆ ಸುಮ್ನೆ ಹಂಚಿದೆ ಅನ್ನುವವರು ಇದನ್ನು ಒಮ್ಮೆ ಓದಿಕೊಳ್ಳಲಿ.

ಅಂಕಲ್, ಹಾಗಾದರೆ ಯಾವ ಸಿಹಿ ಹಾಕಲಿ ಅಂತ ಕೇಳಿದರೆ ಯಾವುದೂ ಬೇಡ ಅಂತಲೇ ಹೇಳುತ್ತೇನೆ. ಸಿಗರೇಟು ಬಿಡಲು ವೇಪ್ ಹಿಡಿದಿದ್ದೇನೆ ಅನ್ನುವವರಿಗೆ ನಿಕೋಟಿನ್ ಗಮ್ ಇದೆ, ಅದು ಬಾಯಲ್ಲೇ ಇರುತ್ತದೆ, ಎದೆಗೆ ಇಳಿಯುವುದಿಲ್ಲ, ಅದರ ಸಿಹಿಗೂ ಶುಗರ್ ಆಲ್ಕೋಹಾಲನ್ನೇ ಹಾಕಿರುತ್ತಾರೆ. ಒಬ್ಬರೇ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಈ ಕೆಲಸದಲ್ಲಿವೆ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಬಾರದ ಅಪ್ಪ ಅಮ್ಮ ಇದ್ದರೆ ಅವರೂ ಮಾತಾಡಬಹುದು.