ಮಂಡಿಚಿಪ್ಪು ‘ಸವೆದಿದೆ’ ಅನ್ನುವ ಮೊದಲು

ಇಪ್ಪತ್ತಾರರ ಹುಡುಗಿ. ಮೆಟ್ಟಿಲು ಇಳಿಯುವಾಗ ಮಂಡಿಯ ಮುಂದೆ ನೋವು. ಎಂಆರ್‌ಐ ಮಾಡಿಸಿದ್ದಾಯಿತು. ರಿಪೋರ್ಟಿನ ಕೊನೇ ಸಾಲಿನಲ್ಲಿ ‘ಕೊಂಡ್ರೋಮಲೇಶಿಯಾ ಪಟೆಲ್ಲಾ, ಗ್ರೇಡ್ 2’ ಅಂತ ಬಂತು. ಅದು ಮನೆಮಂದಿಯ ಬಾಯಿಗೆ ಬರುವಷ್ಟರಲ್ಲಿ ‘ಮಂಡಿಚಿಪ್ಪು ಸವೆದು ಹೋಗಿದೆ’ ಆಗಿತ್ತು. ಡ್ಯಾನ್ಸ್ ಕ್ಲಾಸು ಬಂದ್. ನೆಲದ ಮೇಲೆ ಕೂರೋದು ಬಂದ್. ಇನ್ನು ಆಪರೇಷನ್ನೇ ಗತಿ ಅಂತ ಸೋದರತ್ತೆಯ ತೀರ್ಪು. ಇದನ್ನು ನೋಡಿ ನೋಡಿ ಸಾಕಾಗಿದೆ. ಈ ನೋವು ನನಗೂ ಹಳೆಯದು, ಅದರ ಹೆಸರು ಹುಡುಕುತ್ತಾ ನಾನೂ ಸಾಕಷ್ಟು ಅಲೆದಿದ್ದೇನೆ. ಹಾಗಾಗಿ ಈ ‘ಸವೆತ’ವನ್ನು ಒಮ್ಮೆ ಬಿಡಿಸಿ ನೋಡಲೇಬೇಕು.

ಮೊದಲು ಚಿಪ್ಪು. ಲ್ಯಾಟಿನ್ನಿನಲ್ಲಿ ಪಟೆಲ್ಲಾ ಅಂದರೆ ಸಣ್ಣ ತಟ್ಟೆ. ನಮ್ಮವರು ಅದನ್ನು ತೆಂಗಿನ ಚಿಪ್ಪು, ಆಮೆ ಚಿಪ್ಪಿನ ಸಾಲಿಗೆ ಸೇರಿಸಿದರು. ಹೆಸರೇನೋ ಚೆನ್ನಾಗಿದೆ. ಆದರೆ ಚಿಪ್ಪು ಅಂದ ಕೂಡಲೇ ಅದು ಮೇಲೆ ಸುಮ್ನೆ ಮುಚ್ಚಿಕೊಂಡಿರುವ ವಸ್ತು ಅನ್ನಿಸಿಬಿಡುತ್ತದೆ. ಹಾಗಲ್ಲ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ರಜ್ಜುವಿನೊಳಗೆ ಹುದುಗಿರುವ ಮೂಳೆ ಅದು. ಕಾಲು ಮಡಚಿ ಚಾಚುವಾಗಲೆಲ್ಲ ತೊಡೆಮೂಳೆಯ ತುದಿಯಲ್ಲಿರುವ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ, ಸ್ನಾಯುವಿನ ಎಳೆತಕ್ಕೆ ಬಲ ಕೊಡುತ್ತದೆ. ಅದರ ಹಿಂಬದಿಗೆ ಮೆದುಮೂಳೆಯ ಪದರ ಇದೆ. ನಮ್ಮ ದೇಹದಲ್ಲಿ ಇಷ್ಟು ದಪ್ಪ ಮೆದುಮೂಳೆ ಇನ್ನೊಂದು ಕೀಲಿನಲ್ಲಿಲ್ಲ. ಸವೆಯೋದು ಅಂತ ಇದ್ದರೆ ಈ ಪದರ, ಚಿಪ್ಪಲ್ಲ.

‘ಮಂಡಿಚಿಪ್ಪು ಬದಲಾವಣೆ’ ಅನ್ನುವ ಮಾತೂ ಇಲ್ಲಿಂದಲೇ ಹುಟ್ಟಿದ ತೊಂದರೆ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಆ ಆಪರೇಷನ್ನಿನಲ್ಲಿ ಬದಲಾಗುವುದು ಮುಖ್ಯವಾಗಿ ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲಿನ ದೊಡ್ಡ ಮೂಳೆಯ ಮೇಲ್ತುದಿ. ಎರಡಕ್ಕೂ ಲೋಹದ ಹೊದಿಕೆ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪದರ ಕೂರಿಸುತ್ತಾರೆ. ಚಿಪ್ಪನ್ನು ಅಲ್ಲೇ ಉಳಿಸುತ್ತಾರೆ. ಕೆಲವು ಸಲ ಅದರ ಹಿಂಬದಿಗೆ ಪ್ಲಾಸ್ಟಿಕ್ಕಿನ ಒಂದು ಗುಂಡಿ ಕೂರಿಸುತ್ತಾರೆ, ಎಷ್ಟೋ ಸಲ ಅದೂ ಇಲ್ಲ. ಹೀಗಿರುವಾಗ ‘ಚಿಪ್ಪು ಸವೆದಿದೆ, ಆದ್ದರಿಂದ ಚಿಪ್ಪು ಬದಲಾಯಿಸಬೇಕು’ ಅಂತ ಇಪ್ಪತ್ತಾರರ ಹುಡುಗಿಗೆ ಹೇಳುವುದು ಎರಡು ತಪ್ಪು ಮಾತುಗಳನ್ನು ಸೇರಿಸಿ ಒಂದು ಹೆದರಿಕೆ ಮಾಡಿದಂತೆ.

‘ಗ್ಯಾಪ್’ ಇನ್ನೂ ವಿಚಿತ್ರ. ‘ಮಂಡೀಲಿ ಗ್ಯಾಪ್ ಬಂದಿದೆ’ ಅಂತಾರೆ. ಎಕ್ಸ್‌ರೇಯಲ್ಲಿ ಮೆದುಮೂಳೆ ಕಾಣುವುದೇ ಇಲ್ಲ. ಎರಡು ಮೂಳೆಗಳ ನಡುವೆ ಕಪ್ಪಗೆ ಕಾಣುವ ಜಾಗವೇ ಅದು. ಅಂದರೆ ಗ್ಯಾಪ್ ಇದ್ದರೆ ಒಳ್ಳೆಯದು, ಕಡಿಮೆಯಾದರೆ ಯೋಚನೆ ಮಾಡಬೇಕು. ಜನ ಇದನ್ನು ಪೂರ್ತಿ ತಿರುಗುಮುರುಗು ಮಾಡಿದ್ದಾರೆ. ಅದೂ ಅಲ್ಲದೆ, ಮುಂದಿನಿಂದ ತೆಗೆದ ಮಾಮೂಲಿ ಎಕ್ಸ್‌ರೇಯಲ್ಲಿ ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ಜಾಗ ಗೊತ್ತೇ ಆಗುವುದಿಲ್ಲ. ಅದಕ್ಕೆ ಮಂಡಿ ಮಡಚಿಸಿ, ಚಿಪ್ಪಿನ ಅಂಚಿನ ಗುಂಟ ತೆಗೆಯುವ ‘ಸ್ಕೈಲೈನ್’ ಚಿತ್ರ ಬೇಕು. ನಾನು ಕಂಡ ಒಬ್ಬ ಡಾಕ್ಟರು ಫಿಲಂ ಬೆಳಕಿಗೆ ಹಿಡಿದು ‘ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ’ ಅಂದರು. ಇನ್ನೊಬ್ಬರು ಅದೇ ಫಿಲಂ ನೋಡಿ ‘ಸವೆತ ಶುರುವಾಗಿದೆ’ ಅಂದರು. ಅದು ಮುಂದಿನಿಂದ ತೆಗೆದ ಫಿಲಂ. ಚಿಪ್ಪಿನ ಹಿಂದೆ ಏನಿದೆ ಅಂತ ಅದರಲ್ಲಿ ಇಬ್ಬರಿಗೂ ಕಾಣುವಂತಿರಲಿಲ್ಲ.

ಈಗ ಆ ಉದ್ದದ ಹೆಸರಿಗೆ ಬರೋಣ. ಕೊಂಡ್ರೋಮಲೇಶಿಯಾ ಗ್ರೀಕ್ ಮೂಲದ್ದು. ‘ಖೋಂಡ್ರೋಸ್’ ಅಂದರೆ ಮೊದಲಿಗೆ ಕಾಳು, ನುಚ್ಚು, ಆಮೇಲೆ ಮೆದುಮೂಳೆ. ‘ಮಲಾಕಿಯಾ’ ಅಂದರೆ ಮೆತ್ತಗಿರುವುದು. ಎರಡೂ ಸೇರಿದರೆ ‘ಮೆದುಮೂಳೆ ಮೆತ್ತಗಾಗಿದೆ’. ಇಷ್ಟೇ. ಸವೆತ, ಉಜ್ಜಿ ಹೋಗುವುದು, ಖಾಲಿಯಾಗುವುದು, ಇದ್ಯಾವುದೂ ಆ ಪದದಲ್ಲಿಲ್ಲ. ವಿಟಮಿನ್ ಡಿ ಕೊರತೆಯಿಂದ ಬರುವ ಆಸ್ಟಿಯೋಮಲೇಶಿಯಾ ಹೆಸರಿನಲ್ಲೂ ಇದೇ ಮಲೇಶಿಯಾ ಇದೆ, ಆದರೆ ಅಲ್ಲಿ ಮೆತ್ತಗಾಗುವುದು ಮೂಳೆ. ಎರಡನ್ನೂ ಒಂದೇ ಮಾಡಿಕೊಂಡು ವಿಟಮಿನ್ ಡಿ ಪುಡಿ ತಗೊಂಡರೆ ಮಂಡಿಚಿಪ್ಪು ಸರಿಹೋಗುತ್ತದೆ ಅಂತ ಕಾಯುವವರಿದ್ದಾರೆ. ಕೊರತೆ ಇದ್ದರೆ ತಗೊಳ್ಳಲೇಬೇಕು, ಸರಿ. ಆದರೆ ಅದು ಈ ಮಲೇಶಿಯಾದ ಔಷಧಿಯಲ್ಲ.

ಇದೇ ಖೋಂಡ್ರೋಸ್ ಇನ್ನೊಂದು ಪದದಲ್ಲೂ ಕೂತಿದೆ: ಹೈಪೋಕಾಂಡ್ರಿಯಾ. ಪಕ್ಕೆಲುಬಿನ ಮೆದುಮೂಳೆಯ ಕೆಳಗಿನ ಜಾಗಕ್ಕೆ ಗ್ರೀಕರು ಇಟ್ಟ ಹೆಸರು ಅದು. ಮನಸ್ಸಿನ ಕೊರಗು ಅಲ್ಲಿಂದ ಏಳುತ್ತದೆ ಅಂತ ಹಳಬರು ನಂಬಿದ್ದರು. ಹಾಗಾಗಿ ಇಲ್ಲದ ಕಾಯಿಲೆ ಇದೆ ಅಂತ ಹೆದರುವುದಕ್ಕೆ ಅದೇ ಹೆಸರು ಉಳಿಯಿತು. ಮಂಡಿ ಮುಂದಿನ ನೋವಿನವರು ಈ ಎರಡು ಪದಗಳ ನಡುವೆಯೇ ಸಿಕ್ಕಿಕೊಳ್ಳುತ್ತಾರೆ. ಸ್ಕ್ಯಾನಿನಲ್ಲಿ ಏನಾದರೂ ಕಂಡರೆ ‘ಸವೆದಿದೆ’, ಕಾಣದಿದ್ದರೆ ‘ಎಲ್ಲಾ ನಿಮ್ಮ ಮನಸ್ಸಿನದು’. ಎರಡೂ ಒಂದೇ ತಪ್ಪು ನಂಬಿಕೆಯಿಂದ ಬರುತ್ತವೆ. ನೋವು ಇದ್ದರೆ ಅದು ಚಿತ್ರದಲ್ಲಿ ಕಾಣಬೇಕು ಅನ್ನುವ ನಂಬಿಕೆ.

ಗ್ರೇಡ್ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ಔಟರ್‌ಬ್ರಿಜ್ ಎಂಬ ಸರ್ಜನ್ 1961ರಲ್ಲಿ ಈ ವಿಂಗಡಣೆ ಮಾಡಿದರು. 1 ಅಂದರೆ ಮೆತ್ತಗಾಗಿ ಉಬ್ಬಿರುವುದು. 2 ಅಂದರೆ ಅರ್ಧ ಇಂಚಿನೊಳಗಿನ ಜಾಗದಲ್ಲಿ ಬಿರುಕು. 3 ಅಂದರೆ ಅದಕ್ಕಿಂತ ಜಾಸ್ತಿ. 4 ಅಂದರೆ ಮೂಳೆ ಕಾಣುವಷ್ಟು. ಮಿನಿಸ್ಕಸ್, ಅಂದರೆ ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆ, ತೆಗೆಯಲು ತೆರೆದ ಮಂಡಿಗಳಲ್ಲಿ ಚಿಪ್ಪಿನ ಹಿಂಬದಿ ನೋಡಿ ಅವರು ಇದನ್ನು ಬರೆದರು. ಮೇಲ್ಮೈ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಮಾತ್ರ ಆ ಅಂಕಿ. ನೋವು ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಗ್ರೇಡ್ 2ರವರಿಗೆ ಗ್ರೇಡ್ 1ರವರ ಎರಡರಷ್ಟು ನೋವು ಅಂತ ಲೆಕ್ಕ ಹಾಕುವವರನ್ನು ಕಂಡಿದ್ದೇನೆ.

ಇನ್ನೂ ಮುಖ್ಯವಾದ ಮಾತು: ಮೆದುಮೂಳೆಗೆ ನೋವಿನ ನರಗಳೇ ಇಲ್ಲ. ರಕ್ತನಾಳವೂ ಇಲ್ಲ. ಹಾಗಾದರೆ ನೋಯುತ್ತಿರುವುದು ಏನು? ಸ್ಯಾನ್‌ಫ್ರಾನ್ಸಿಸ್ಕೋದ ಮೂಳೆ ಸರ್ಜನ್ ಸ್ಕಾಟ್ ಡೈ ಇದನ್ನು ತಮ್ಮ ಮೇಲೇ ಪರೀಕ್ಷಿಸಿಕೊಂಡರು. ಚರ್ಮದ ಹತ್ತಿರ ಮಾತ್ರ ಅರಿವಳಿಕೆ. ಕೀಲಿನ ಒಳಗೆ ಏನೂ ಇಲ್ಲ. ಎಚ್ಚರವಾಗಿಯೇ ಇದ್ದು, ಸಹೋದ್ಯೋಗಿಯೊಬ್ಬರು ದುರ್ಬೀನು ಒಳಗೆ ಹಾಕಿ ಒಂದೊಂದೇ ಭಾಗವನ್ನು ಸಲಾಕೆಯಿಂದ ಒತ್ತಿದಾಗ ಎಲ್ಲಿ ಎಷ್ಟು ನೋವು ಅಂತ ಹೇಳಿದರು. 1998ರಲ್ಲಿ ಅದು ಪ್ರಕಟವಾಯಿತು. ಚಿಪ್ಪಿನ ಹಿಂದಿನ ಮೆದುಮೂಳೆಯನ್ನು ಒತ್ತಿದಾಗ ಅವರಿಗೆ ನೋವೇ ಆಗಲಿಲ್ಲ. ಕೀಲಿನ ಒಳಪೊರೆ ಮತ್ತು ಚಿಪ್ಪಿನ ಕೆಳಗಿರುವ ಕೊಬ್ಬಿನ ಮೆತ್ತೆ ಮುಟ್ಟಿದಾಗ ಜೀವ ಹೋಗುವಷ್ಟು ನೋವು. ನಾವು ಸವೆತ ಸವೆತ ಅಂತ ಬೈಯುತ್ತಿರುವ ಭಾಗ ಸುಮ್ಮನಿತ್ತು, ಯಾರೂ ಹೆಸರೆತ್ತದ ಭಾಗ ಕೂಗಿಕೊಂಡಿತು. ಮೆದುಮೂಳೆಗೂ ನೋವಿಗೂ ಸಂಬಂಧವೇ ಇಲ್ಲ ಅಂತ ಇದರರ್ಥವಲ್ಲ. ಪದರ ತೀರಾ ಹಾಳಾದರೆ ಅದರ ಅಡಿಯ ಮೂಳೆಗೆ ಒತ್ತಡ ಬೀಳುತ್ತದೆ, ಆ ಮೂಳೆಗೆ ನರಗಳಿವೆ. ಆದರೆ ಚಿತ್ರದಲ್ಲಿ ಒಂದು ಬಿರುಕು ಕಂಡ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತು ಅನ್ನುವಂತಿಲ್ಲ. ಡಚ್ ಸಂಶೋಧಕರು 2016ರಲ್ಲಿ ಇಂಥ ನೋವಿರುವ ಚಿಕ್ಕ ವಯಸ್ಸಿನವರ ಎಂಆರ್‌ಐಯನ್ನು ನೋವೇ ಇಲ್ಲದವರ ಎಂಆರ್‌ಐ ಜೊತೆ ಹೋಲಿಸಿದಾಗ, ಕೀಲಿನ ರಚನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಸರಿಯಾದ ಹೆಸರೇನು? ಈಗ ಹೆಚ್ಚಿನ ಕಡೆ ಬಳಸುವುದು ‘ಪಟೆಲ್ಲೋಫೆಮೊರಲ್ ಪೇನ್’. ಚಿಪ್ಪು ಮತ್ತು ತೊಡೆಮೂಳೆ ಸೇರುವಲ್ಲಿನ ನೋವು ಅಂತ ಅರ್ಥ. ಇದೇನು ಹೆಸರು, ನೋವು ಅಂತ ನಾನೇ ಹೇಳಿದ್ದೆನಲ್ಲ ಅನ್ನಿಸಬಹುದು. ಆದರೆ ಇದು ಪ್ರಾಮಾಣಿಕವಾದ ಹೆಸರು. ಕಾಣದ್ದನ್ನು ಕಂಡೆ ಅನ್ನುವುದಿಲ್ಲ. 2016ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಇದಕ್ಕೆ ಇಟ್ಟ ಮುಖ್ಯ ಗುರುತು ಒಂದೇ: ಚಿಪ್ಪಿನ ಸುತ್ತ ಅಥವಾ ಹಿಂದೆ ನೋವಿರಬೇಕು, ಮಂಡಿ ಮಡಚಿ ಅದರ ಮೇಲೆ ಭಾರ ಹಾಕುವ ಒಂದು ಕೆಲಸದಲ್ಲಾದರೂ ಅದು ಜಾಸ್ತಿಯಾಗಬೇಕು. ಮೆಟ್ಟಿಲು, ಓಟ, ಕುಕ್ಕುರುಗಾಲಲ್ಲಿ ಕೂರುವುದು, ಜಿಗಿತ. ಇದನ್ನು ಕೇಳಿ, ನೋಡಿ, ಮುಟ್ಟಿ ತಿಳಿಯಬೇಕು. ಸ್ಕ್ಯಾನ್ ಬೇಕಾಗುವುದು ಬೇರೆ ಕಾಯಿಲೆಯ ಅನುಮಾನ ಬಂದಾಗ.

ಮೆಟ್ಟಿಲೇ ಯಾಕೆ? 1972ರಲ್ಲಿ ರೀಲಿ ಮತ್ತು ಮಾರ್ಟೆನ್ಸ್ ಎಂಬ ಸಂಶೋಧಕರು ಹಾಕಿದ ಲೆಕ್ಕದ ಪ್ರಕಾರ, ಸಮತಟ್ಟು ನೆಲದಲ್ಲಿ ನಡೆಯುವಾಗ ಚಿಪ್ಪಿನ ಕೀಲಿನ ಮೇಲೆ ಮೈತೂಕದ ಅರ್ಧದಷ್ಟು ಒತ್ತಡ. ಮೆಟ್ಟಿಲು ಹತ್ತಿ ಇಳಿಯುವಾಗ 3.3 ಪಟ್ಟು. ಪೂರ್ತಿ ಕುಕ್ಕುರುಗಾಲಿಗೆ ಇಳಿದು ಏಳುವಾಗ ಏಳೂವರೆ ಪಟ್ಟಿಗೂ ಜಾಸ್ತಿ. 60 ಕಿಲೋ ತೂಕದವರಿಗೆ ಅದು 450 ಕಿಲೋ ದಾಟುತ್ತದೆ. ನಡೆಯುವಾಗ ಏನೂ ಇಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದ ಮೇಲೆ ಎರಡು ದಿನ ಮಂಡಿ ಮಾತಾಡಿಸಿಕೊಳ್ಳುವುದಿಲ್ಲ ಅನ್ನುವವರ ಮಾತಿಗೆ ಕಾರಣ ಇದು. ಪಂಕ್ತಿ ಊಟ ಮುಗಿಸಿ ಏಳುವಾಗ ಪಕ್ಕದವರ ಹೆಗಲು ಹಿಡಿಯುವುದು, ಮೆಟ್ಟಿಲನ್ನು ಅಡ್ಡಡ್ಡಕ್ಕೆ, ಕಂಬಿ ಹಿಡಿದು ಒಂದೊಂದೇ ಇಳಿಯುವುದು, ಬಸ್ಸಿನಲ್ಲಿ ಕಾಲು ಚಾಚಲು ನಡುದಾರಿಯ ಪಕ್ಕದ ಸೀಟೇ ಬೇಕು ಅನ್ನುವುದು, ಇವೆಲ್ಲ ಈ ನೋವಿನವರ ದಿನಚರಿ. ಸಿನಿಮಾ ನೋಡುವಾಗಿನ ಹಾಗೆ ಬಹಳ ಹೊತ್ತು ಕೂತಲ್ಲೇ ನೋಯುವುದಕ್ಕೆ ಡಾಕ್ಟರುಗಳ ನಡುವೆ ಹೆಸರೂ ಇದೆ, ‘ಥಿಯೇಟರ್ ಸೈನ್’ ಅಂತ.

ನನಗೆ ಸರಿಯಾದ ಹೆಸರು ಸಿಕ್ಕಿದ್ದು ಒಬ್ಬ ಫಿಸಿಯೋಥೆರಪಿಸ್ಟರ ಹತ್ತಿರ. ಅವರು ಫೈಲು ಬದಿಗಿಟ್ಟು ‘ಎಲ್ಲಿ ನೋವು, ತೋರಿಸಿ’ ಅಂದರು. ನಾನು ಬೆರಳು ಇಡಲಿಲ್ಲ, ಅಂಗೈಯಿಂದ ಚಿಪ್ಪನ್ನು ಪೂರ್ತಿ ಹಿಡಿದೆ. ಅದೇ ಅರ್ಧ ಉತ್ತರ ಅಂದರು. ಈ ನೋವಿನವರಿಗೆ ಜಾಗ ಖಚಿತವಾಗಿ ತೋರಿಸಲು ಬರುವುದಿಲ್ಲ. ಆಮೇಲೆ ಒಂದು ಮೆಟ್ಟಿಲಿನಿಂದ ನಿಧಾನವಾಗಿ ಇಳಿಸಿ ನೋಡಿದರು, ಕುಕ್ಕುರುಗಾಲಲ್ಲಿ ಕೂರಿಸಿ ನೋಡಿದರು, ಸೊಂಟದ ಪಕ್ಕದ ಸ್ನಾಯುವಿಗೆ ಎಷ್ಟು ಬಲ ಇದೆ ಅಂತ ಒತ್ತಿ ನೋಡಿದರು. ಮಂಡಿ ನೋವಿಗೆ ಸೊಂಟ ಯಾಕೆ ಅಂತ ಆಗ ಅನ್ನಿಸಿತ್ತು. ಈಗಿನ ಮಾರ್ಗಸೂಚಿಗಳು ಹೇಳುವುದೂ ಅದನ್ನೇ: ತೊಡೆ ಮತ್ತು ಸೊಂಟ, ಎರಡರ ಸ್ನಾಯುಗಳಿಗೂ ವ್ಯಾಯಾಮ. ವಾರಗಳಲ್ಲ, ತಿಂಗಳುಗಳು ಬೇಕು. ಚಿಪ್ಪಿಗೆ ಹಾಕುವ ಟೇಪು ಸ್ವಲ್ಪ ದಿನಕ್ಕೆ ಸಹಾಯ ಮಾಡುತ್ತದೆ.

‘ಸವೆತ’ ಅನ್ನುವ ಪದದ ಮೇಲೆ ನನಗಿರುವ ಸಿಟ್ಟಿಗೆ ಕಾರಣ ಇಲ್ಲಿದೆ. ಸವೆದಿದೆ ಅಂದವರು ಬಳಸಲು ಹೆದರುತ್ತಾರೆ. ಬಳಸಿದಷ್ಟೂ ಸವೆಯುತ್ತದೆ ಅಲ್ವಾ ಅಂತ ಲೆಕ್ಕ. ಕಾಲು ಬಳಸದಿದ್ದರೆ ತೊಡೆ ಸೊರಗುತ್ತದೆ, ಸೊರಗಿದಷ್ಟೂ ಒಂದು ಮಹಡಿ ಹತ್ತುವುದೂ ಮಂಡಿಗೆ ಭಾರವಾಗುತ್ತದೆ. ಮಂಡಿ ಕಟಕಟ ಅನ್ನುವುದನ್ನೂ ಸವೆತದ ಸದ್ದು ಅಂದುಕೊಂಡು ಜನ ಮೆಟ್ಟಿಲು ಬಿಡುತ್ತಾರೆ. ನೋವು, ಊತ ಇಲ್ಲದ ಸದ್ದಿಗೆ ಹೆದರಬೇಕಾಗಿಲ್ಲ. ಗ್ರೀಸ್ ಖಾಲಿ, ಜೆಲ್ ಖಾಲಿ ಅನ್ನುವ ಮಾತುಗಳನ್ನೂ ದಯವಿಟ್ಟು ಬಿಡಿ. ಹಾಗಂತ ಇದು ತಾನಾಗಿ ಹೋಗುವ ಸಣ್ಣ ನೋವೂ ಅಲ್ಲ. ಐದರಿಂದ ಎಂಟು ವರ್ಷದ ನಂತರ ಕೇಳಿದಾಗ ಅರ್ಧಕ್ಕಿಂತ ಜಾಸ್ತಿ ಜನ ಪೂರ್ತಿ ವಾಸಿಯಾಗಿಲ್ಲ ಅಂದ ಅಧ್ಯಯನವಿದೆ. ಅವರಲ್ಲಿ ಎಕ್ಸ್‌ರೇ ತೆಗೆಸಿಕೊಂಡವರ ಪೈಕಿ ಹೆಚ್ಚುಕಡಿಮೆ ಎಲ್ಲರಲ್ಲೂ ಸಂಧಿವಾತದ ಗುರುತು ಇರಲಿಲ್ಲ ಅನ್ನುವುದೂ ಅದೇ ಅಧ್ಯಯನದಲ್ಲಿದೆ. ನೋವು ನಿಜ, ದೀರ್ಘವೂ ಹೌದು. ಆದರೆ ಅದು ಸವೆತ ಅಲ್ಲ.

ಸವೆತ ಅನ್ನುವ ಪದಕ್ಕೆ ಅದರದೇ ಜಾಗ ಇದೆ. ಅರವತ್ತು ದಾಟಿದ ಅಜ್ಜಿಯ ಮಂಡಿ ಬಾಗಿ, ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿದಾಗ ಅದನ್ನು ಸವೆತ ಅನ್ನಿ, ತಕರಾರಿಲ್ಲ. ಆದರೆ ಮಂಡಿಯ ಮುಂದೆ ನೋಯುವುದೆಲ್ಲ ಚಿಪ್ಪಿನ ಕೀಲಿನದೂ ಅಲ್ಲ. ಚಿಪ್ಪಿನ ಕೆಳತುದಿಯಲ್ಲಿ ಒಂದೇ ಬೆರಳಿಟ್ಟು ತೋರಿಸುವ ವಾಲಿಬಾಲ್ ಆಟಗಾರನ ನೋವು ಸ್ನಾಯುರಜ್ಜುವಿನದು. ನೆಲ ಒರೆಸುವವರಿಗೆ, ಟೈಲ್ಸ್ ಕೂರಿಸುವವರಿಗೆ ಚಿಪ್ಪಿನ ಮೇಲೆಯೇ ಮೆತ್ತಗೆ ಉಬ್ಬಿದರೆ ಅದು ಚರ್ಮದ ಕೆಳಗಿನ ನೀರಿನ ಚೀಲದ ಊತ. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡರೆ ಮಿನಿಸ್ಕಸ್ ನೋಡಬೇಕು. ಬೆಳಗ್ಗೆ ಎದ್ದಾಗ ಬಹಳ ಹೊತ್ತು ಬಿಗಿತ, ಬೆರಳುಗಳಲ್ಲೂ ಊತ ಇದ್ದರೆ ರಕ್ತಪರೀಕ್ಷೆ ಬೇಕು. ಜ್ವರದ ಜೊತೆ ಮಂಡಿ ಬಿಸಿಯಾಗಿ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹತ್ತು ಹದಿನಾಲ್ಕರ ಮಗು ಕುಂಟುತ್ತಾ ಮಂಡಿ ನೋವು ಅಂದರೆ, ಮಂಡಿಯಲ್ಲಿ ಏನೂ ಸಿಗದಿದ್ದಾಗ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ ಅಂತ ಕೇಳಿ. ಅಲ್ಲಿ ತೊಡೆಮೂಳೆಯ ತಲೆ ಜಾರಿದ್ದರೂ ಮಗು ನೋವು ತೋರಿಸುವುದು ಮಂಡಿಯಲ್ಲೇ.